ಮೆಸೇಜ್ ಓದಿಸಲು ಫೋನ್ ಕೊಡುವ ಮುಂಚೆ

ಈ ಸಲ ಬಂದ ಪತ್ರಗಳೆಲ್ಲ ಕಾಸರಗೋಡು ಜಿಲ್ಲೆಯವು, ಎಲ್ಲದರಲ್ಲೂ ಫೋನಿನಲ್ಲಿ ನಡೆಯುವ ದುಡ್ಡಿನ ಮೋಸದ್ದೇ ಮಾತು. ಉತ್ತರ ಕೊಟ್ಟವರು ಗಡಿನಾಡಿನ ಶಾಖೆಗಳಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದ ಬ್ಯಾಂಕ್ ಮ್ಯಾನೇಜರ್.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಮ್ಮ ಪೆರ್ಲದ ಹತ್ತಿರ ಒಬ್ಬರೇ ಇದ್ದಾರೆ. ಅಡಕೆ ಮಾರಿದ ದುಡ್ಡು ಅವರ ಖಾತೆಗೆ ಬರುತ್ತದೆ. ಅವರಿಗೆ ಕನ್ನಡ ಮಾತ್ರ ಓದಲು ಬರುತ್ತದೆ. ಇಂಗ್ಲಿಷ್ ಅಥವಾ ಮಲಯಾಳ ಮೆಸೇಜ್ ಬಂದರೆ ಅಂಗಡಿಯಲ್ಲೋ ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲೋ ಓದಿಸುತ್ತಾರೆ. ಕಳೆದ ವಾರ ‘ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಟ್ ಮಾಡುತ್ತೇವೆ, ಕಳೆದ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ’ ಎಂಬ ಮೆಸೇಜ್ ಬಂದಿತ್ತು. ಹೆದರಿ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಒಂದು ಆ್ಯಪ್ ಹಾಕಿಕೊಳ್ಳಿ ಎಂದರಂತೆ. ನೆಟ್ ಸಿಗದ ಕಾರಣ ಆಗಲಿಲ್ಲ. ಮುಂದೆ ಏನು ಮಾಡಲಿ?

ಉತ್ತರ: ನಮ್ಮ ಗುಡ್ಡಗಳ ನಡುವೆ ರೇಂಜ್ ಇಲ್ಲವೆಂದು ಯಾರಾದರೂ ಖುಷಿಪಟ್ಟಿದ್ದರೆ ಅದು ಈ ಸಲವೇ ಇರಬೇಕು.

ಮೊದಲು ಆ ಮೆಸೇಜನ್ನೇ ನೋಡಿ. ‘ಕಳೆದ ತಿಂಗಳ ಬಿಲ್’ ಎಂದಿದೆ, ಅಲ್ವಾ? ಕೇರಳದಲ್ಲಿ ಮನೆಗಳ ಮೀಟರ್ ನೋಡುವುದು ಎರಡು ತಿಂಗಳಿಗೊಮ್ಮೆ. ಇಡೀ ದೇಶಕ್ಕೆ ಒಂದೇ ಸಾಲು ಬರೆದು ಕಳಿಸುವವರಿಗೆ ಅದು ಗೊತ್ತಿಲ್ಲ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಅಸಲಿ ಮೆಸೇಜಿನಲ್ಲಿ ನಿಮ್ಮ 13 ಅಂಕಿಯ ಗ್ರಾಹಕ ಸಂಖ್ಯೆ, ಸೆಕ್ಷನ್ ಆಫೀಸಿನ ಹೆಸರು, ಕಟ್ಟಬೇಕಾದ ಮೊತ್ತ ಇರುತ್ತದೆ. ಯಾರದೋ ಹತ್ತಂಕಿಯ ಮೊಬೈಲಿನಿಂದ ಅದು ಬರುವುದಿಲ್ಲ. ಸಂಶಯ ಬಂದರೆ 1912ಕ್ಕೆ ಫೋನ್ ಮಾಡಿ ಕೇಳಬಹುದು.

ಆ ಆ್ಯಪ್‌ನ ಕೆಲಸ ನಿಮ್ಮ ಫೋನಿನ ಪರದೆಯನ್ನು ಆಚೆಯ ಮೋಸಗಾರನಿಗೆ ತೋರಿಸುವುದು. ಎನಿಡೆಸ್ಕ್‌ನಂಥ ಆ್ಯಪ್‌ಗಳು ತಪ್ಪಿನವಲ್ಲ, ಕಂಪ್ಯೂಟರ್ ರಿಪೇರಿಯವರು ದಿನಾ ಬಳಸುತ್ತಾರೆ. ಆದರೆ ಅದರಲ್ಲಿ ಬರುವ ಸಂಖ್ಯೆಯನ್ನು ಫೋನಿನಲ್ಲಿ ಹೇಳಿಬಿಟ್ಟರೆ ನಿಮ್ಮ ಫೋನ್ ಅವನ ಕಣ್ಣ ಮುಂದೆ ಇದ್ದ ಹಾಗೆ. ಆಮೇಲೆ ‘ಹತ್ತೇ ರೂಪಾಯಿ ಕಟ್ಟಿ, ಅಪ್‌ಡೇಟ್ ಆಗುತ್ತದೆ’ ಎನ್ನುತ್ತಾನೆ. ಆ ಹತ್ತು ರೂಪಾಯಿ ಅವನಿಗೆ ಬೇಡ. ಕಟ್ಟುವಾಗ ನೀವು ಒತ್ತುವ ಕಾರ್ಡ್ ನಂಬರ್, ಪಿನ್, ಹಿಂದೆಯೇ ಬರುವ ಓಟಿಪಿ ಬೇಕು. ರಿಸರ್ವ್ ಬ್ಯಾಂಕ್ 2019ರಲ್ಲೇ ಇದರ ಬಗ್ಗೆ ಬ್ಯಾಂಕುಗಳಿಗೆ ಎಚ್ಚರಿಕೆ ಕಳಿಸಿತ್ತು.

ನಿಮ್ಮ ಪತ್ರದಲ್ಲಿ ನನಗೆ ಕರೆಂಟಿನ ಮೆಸೇಜಿಗಿಂತ ಜಾಸ್ತಿ ಕಂಡದ್ದು ಅಂಗಡಿಯಲ್ಲಿ ಓದಿಸುವ ವಿಷಯ. ಗಡಿನಾಡಿನಲ್ಲಿ ಇದು ಹೊಸದಲ್ಲ. ವಿಲೇಜ್ ಆಫೀಸಿನಿಂದ ಮಲಯಾಳದ ಕಾಗದ ಬಂದರೆ ನನ್ನ ಅಪ್ಪ ಪಕ್ಕದ ಮನೆ ಮಾಷ್ಟ್ರ ಹತ್ತಿರ ಓದಿಸುತ್ತಿದ್ದರು. ನಾಚಿಕೆ ಪಡುವಂಥದ್ದೇನೂ ಅಲ್ಲ, ನಮ್ಮ ಬದುಕೇ ಹಾಗಿತ್ತು. ಅಂಗಡಿಯವರ ಮೇಲೂ ನನಗೆ ಸಂಶಯವಿಲ್ಲ. ಆದರೆ ಕಾಗದ ಬೇರೆ, ಓಟಿಪಿ ಬೇರೆ. ಕಾಗದವನ್ನು ಯಾರು ಓದಿದರೂ ಕಾಗದ ನಿಮ್ಮ ಕೈಯಲ್ಲೇ ಇರುತ್ತದೆ. ಓಟಿಪಿಯನ್ನು ಗಟ್ಟಿಯಾಗಿ ಓದಿದರೆ ತಿಜೋರಿಯ ಬೀಗದ ಕೈಯನ್ನೇ ಕೊಟ್ಟಂತೆ. ಇನ್ನೊಂದು ತೊಂದರೆಯೂ ಇದೆ. ಯಾವತ್ತೂ ಬೇರೆಯವರಿಂದ ಓದಿಸಿ ರೂಢಿಯಾದವರಿಗೆ, ಫೋನಿನ ಆಚೆಯಿಂದ ‘ಚೇಚ್ಚಿ (ಅಕ್ಕಾ), ಮೆಸೇಜಿನಲ್ಲಿ ಏನು ಬಂದಿದೆ ನೋಡಿ ಹೇಳಿ, ನಾನು ಸರಿ ಮಾಡಿಕೊಡುತ್ತೇನೆ’ ಎಂದರೆ ಅನುಮಾನವೇ ಬರುವುದಿಲ್ಲ. ಅದೂ ಒಂದು ಸಹಾಯ ಅನಿಸಿಬಿಡುತ್ತದೆ.

ಅಮ್ಮನಿಗೆ ಇಂಗ್ಲಿಷ್ ಕಲಿಸಬೇಕಾಗಿಲ್ಲ. ಓಟಿಪಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ರೂಪ ಮಾತ್ರ ಕಲಿಸಿ. ಕ್ಯಾಲೆಂಡರ್ ಹಿಂದೆ ದೊಡ್ಡದಾಗಿ ಬರೆದು ಅಡುಗೆಮನೆಯಲ್ಲಿ ತೂಗುಹಾಕಿ. ಆ ಮೂರು ಅಕ್ಷರ ಕಂಡರೆ ಆ ಮೆಸೇಜನ್ನು ಯಾರಿಗೂ ತೋರಿಸಬಾರದು, ನಿಮಗೂ ಓದಿ ಹೇಳಬಾರದು. ಉಳಿದ ಮೆಸೇಜುಗಳಲ್ಲಿ ಅಂಕಿ ಹೇಗೂ ಅವರಿಗೆ ಓದಲು ಬರುತ್ತದೆ, ಎಷ್ಟು ಬಂತು ಎಷ್ಟು ಹೋಯಿತು ಎಂಬುದು ತಿಳಿಯುತ್ತದೆ. ನಿಮಗೂ ಒಂದು ಗುರುತು ಹೇಳುತ್ತೇನೆ. 2025ರಿಂದ ಬ್ಯಾಂಕು, ಕಂಪನಿ, ಸರಕಾರದ ಮೆಸೇಜ್ ಕಳಿಸುವವರ ಹೆಸರಿನ ಕೊನೆಗೆ ಅಡ್ಡಗೆರೆ ಹಾಕಿ ಒಂದು ಇಂಗ್ಲಿಷ್ ಅಕ್ಷರ ಬರುತ್ತದೆ. ವ್ಯವಹಾರಕ್ಕೆ ಟಿ, ಸೇವೆಗೆ ಎಸ್, ಸರಕಾರಕ್ಕೆ ಜಿ, ಜಾಹೀರಾತಿಗೆ ಪಿ. ಬ್ಯಾಂಕಿನ ವಿಷಯ ಹೇಳುವ ಮೆಸೇಜ್ ಸುಮ್ನೆ ಒಂದು ಮೊಬೈಲ್ ನಂಬರಿನಿಂದ ಬಂದಿದ್ದರೆ ಅಳಿಸಿಬಿಡಿ.

ಇದೆಲ್ಲಕ್ಕಿಂತ ಮುಖ್ಯ, ಖಾತೆಯನ್ನು ಎರಡು ಮಾಡಿ. ಫೋನಿಗೆ, ಯುಪಿಐಗೆ, ಎಟಿಎಂ ಕಾರ್ಡಿಗೆ ಸೇರಿದ ಒಂದು ಸಣ್ಣ ಖಾತೆ. ಅದರಲ್ಲಿ ಪೇಟೆ ಖರ್ಚಿಗೆ ಬೇಕಾದ ನಾಲ್ಕೈದು ಸಾವಿರ ಇದ್ದರೆ ಸಾಕು. ಅಡಕೆ ದುಡ್ಡು ಬೀಳುವ ಖಾತೆ ಬೇರೆಯೇ ಇರಲಿ. ಅದಕ್ಕೆ ಮೊಬೈಲ್ ಬ್ಯಾಂಕಿಂಗ್, ನೆಟ್ ಬ್ಯಾಂಕಿಂಗ್, ಕಾರ್ಡ್ ಯಾವುದೂ ಬೇಡ ಎಂದು ಶಾಖೆಯಲ್ಲಿ ಬರೆದುಕೊಡಿ. ಯುಪಿಐ ತೆರೆಯಲು ಕಾರ್ಡ್ ಮಾತ್ರವಲ್ಲ, ಆಧಾರ್ ಓಟಿಪಿಯಿಂದಲೂ ಆಗುತ್ತದೆ, ಹಾಗಾಗಿ ಅದನ್ನೂ ಕೇಳಿ ತಿಳಿದುಕೊಳ್ಳಿ. ಮೆಸೇಜ್ ಮಾತ್ರ ಬರುತ್ತಿರಲಿ. ದುಡ್ಡು ಬೇಕಾದಾಗ ಪಾಸ್‌ಬುಕ್ ಹಿಡಿದು ಹೋಗುವುದು ಸ್ವಲ್ಪ ಕಷ್ಟ, ಒಪ್ಪುತ್ತೇನೆ. ಕಳ್ಳನಿಗೂ ಅಷ್ಟೇ ಕಷ್ಟ ಆಗುತ್ತದೆ. ಯುಪಿಐ ಆ್ಯಪ್‌ನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಡಿ, ಭೀಮ್‌ನಲ್ಲೂ ಕನ್ನಡ ಇದೆ. ಮುಂದಿನ ಸಲ ಊರಿಗೆ ಬಂದಾಗ ಅರ್ಧ ದಿನ ಇದಕ್ಕೆ ಇಡಿ.

ಪ್ರಶ್ನೆ: ನಮ್ಮದು ಮಂಜೇಶ್ವರ. ಬ್ಯಾಂಕ್ ಖಾತೆ ಮಂಗಳೂರಿನಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಪರಿಚಯದವರ ನಂಬರಿನಿಂದ ಮದುವೆ ಕರೆಯೋಲೆ ಬಂತು. ಒತ್ತಿದೆ, ಏನೂ ತೆರೆಯಲಿಲ್ಲ. ರಾತ್ರಿ ಮೂರು ಸಲವಾಗಿ 62 ಸಾವಿರ ಹೋಗಿದೆ. ಕಂಪ್ಲೇಂಟ್ ಇಲ್ಲಿ ಕೊಡಬೇಕಾ, ಅಲ್ಲಿ ಕೊಡಬೇಕಾ? ದುಡ್ಡು ವಾಪಸ್ ಸಿಗುತ್ತದಾ?

ಉತ್ತರ: ಇದನ್ನು ಓದುವಷ್ಟರಲ್ಲಿ ನೀವು 1930ಕ್ಕೆ ಫೋನ್ ಮಾಡಿದ್ದೀರಿ ಅಂದುಕೊಳ್ಳುತ್ತೇನೆ. ಮಾಡಿಲ್ಲದಿದ್ದರೆ ಪತ್ರಿಕೆ ಕೆಳಗಿಟ್ಟು ಮಾಡಿ. ಇಡೀ ದೇಶಕ್ಕೆ ಇದೊಂದೇ ನಂಬರ್. ಅವರು ದುಡ್ಡು ಹೋದ ಹೊತ್ತು, ಮೊತ್ತ, ಬ್ಯಾಂಕ್ ಮೆಸೇಜಿನಲ್ಲಿರುವ ವ್ಯವಹಾರದ ಸಂಖ್ಯೆ ಕೇಳುತ್ತಾರೆ, ಅದನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಓಟಿಪಿ, ಪಿನ್ ಕೇಳುವುದಿಲ್ಲ. ಆ ಮಾಹಿತಿ ದುಡ್ಡು ಹೋಗಿ ಸೇರಿದ ಬ್ಯಾಂಕಿಗೆ ತಲುಪುತ್ತದೆ. ಅಷ್ಟರಲ್ಲಿ ದುಡ್ಡು ಅಲ್ಲೇ ಇದ್ದರೆ ತಡೆಹಿಡಿಯುತ್ತಾರೆ. ಇಲ್ಲದಿದ್ದರೆ ಅಲ್ಲಿಂದ ಇನ್ನೊಂದು ಖಾತೆ, ಮತ್ತೊಂದು, ಕೊನೆಗೆ ಯಾವುದೋ ಎಟಿಎಂ. ಬೆಳಿಗ್ಗೆ ನೋಡೋಣ ಅಂದರೆ ಆಗುವುದಿಲ್ಲ.

ಗಡಿಯ ಪ್ರಶ್ನೆ. ನನ್ನ ಗಿರಾಕಿಯೊಬ್ಬರು ತಲಪಾಡಿಯ ಆಚೆ ಈಚೆ ಒಂದೂವರೆ ದಿನ ತಿರುಗಿದ್ದರು. ಇಲ್ಲಿ ಕೇಳಿದರೆ ಬ್ಯಾಂಕ್ ಅಲ್ಲಿಯದು, ಅಲ್ಲಿ ಕೇಳಿದರೆ ಮನೆ ಇಲ್ಲಿಯದು. ಈಗ ಹಾಗೆ ಹೇಳಿ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಇಂಥ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ದೂರು ಕೊಡಬಹುದು. ನಿಮಗೆ ಹತ್ತಿರದ ಠಾಣೆಗೋ ಕಾಸರಗೋಡಿನ ಸೈಬರ್ ಠಾಣೆಗೋ ಹೋಗಿ. ಕೇಂದ್ರ ಸರಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮನೆಯಿಂದಲೇ ಬರೆಯಬಹುದು.

ಜೊತೆಗೇ ಬ್ಯಾಂಕಿಗೆ ತಿಳಿಸಿ, ದೂರಿನ ನಂಬರ್ ಪಡೆಯಿರಿ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ನಿಯಮ ಹೀಗಿದೆ. ತಪ್ಪು ಬ್ಯಾಂಕಿನದ್ದಾದರೆ ನಷ್ಟ ನಿಮ್ಮದಲ್ಲ. ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದ್ದೂ ಅಲ್ಲ ಎಂದಾದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ಆಗಲೂ ನಷ್ಟವಿಲ್ಲ. ನಾಲ್ಕರಿಂದ ಏಳು ದಿನ ಆದರೆ ಸಾಮಾನ್ಯ ಉಳಿತಾಯ ಖಾತೆಯವರು ಹೆಚ್ಚೆಂದರೆ 10,000 ರೂಪಾಯಿ ಹೊರಬೇಕು. ನೀವು ಒತ್ತಿದ ಕರೆಯೋಲೆ ಅಸಲಿಗೆ ಒಂದು ಆ್ಯಪ್, ಹಾಗಾಗಿ ನಿಮ್ಮ ವಿಷಯದಲ್ಲಿ ಬ್ಯಾಂಕಿನವರು ‘ನೀವೇ ಆ್ಯಪ್ ಹಾಕಿಕೊಂಡಿದ್ದೀರಿ, ನಿರ್ಲಕ್ಷ್ಯ ನಿಮ್ಮದು’ ಎನ್ನುವ ಸಾಧ್ಯತೆ ಜಾಸ್ತಿ. ಸುಳ್ಳು ಭರವಸೆ ಕೊಡಲಾರೆ. ಆದರೂ ನೀವು ತಿಳಿಸಿದ ನಂತರ ಹೋಗುವ ಒಂದೊಂದು ರೂಪಾಯಿಗೂ ಬ್ಯಾಂಕೇ ಹೊಣೆ, ಅದು ಅದೇ ನಿಯಮದಲ್ಲಿದೆ. ಮೊದಲನೇ ಸಲ ಹೋದಾಗಲೇ ಫೋನ್ ಮಾಡಿದ್ದರೆ ಉಳಿದೆರಡು ಸಲದ ದುಡ್ಡಿನ ಮಾತೇ ಬೇರೆ ಆಗುತ್ತಿತ್ತು. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸರಿ ಕಾಣದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರಬಹುದು. ಖರ್ಚಿಲ್ಲ. ಮಾಹಿತಿಗೆ 14448.

ಇನ್ನು ಆ ಫೋನ್. ಅದರೊಳಗಿನ ಆ್ಯಪ್ ನಿಮ್ಮ ಮೆಸೇಜ್ ಓದಿ ಓಟಿಪಿಯನ್ನು ಆಚೆ ಕಳಿಸುತ್ತಿದೆ. ನೆಟ್ ಆರಿಸಿ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ. ಮೆಸೇಜುಗಳ, ಕರೆಯೋಲೆಯ ಫೋಟೊ ತೆಗೆದಿಟ್ಟುಕೊಳ್ಳಿ, ಪೊಲೀಸರಿಗೆ ತೋರಿಸಿ, ಆಮೇಲೆ ಫೋನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡಿಸಿ. ನೆಂಟರಿಗೂ ಹೇಳಿ, ಯಾಕೆಂದರೆ ಅದೇ ಕರೆಯೋಲೆ ಈಗ ನಿಮ್ಮ ಹೆಸರಿನಲ್ಲಿ ಅವರಿಗೆ ಹೋಗುತ್ತಿರಬಹುದು. ನಿಮಗೆ ಬಂದದ್ದೂ ಹಾಗೆಯೇ. ಕರೆಯೋಲೆ ಅಂದರೆ ಫೋಟೊ, ವಿಡಿಯೊ, ಪಿಡಿಎಫ್. ಫೈಲಿನ ಹೆಸರು ಎಪಿಕೆ ಎಂದು ಮುಗಿದರೆ ಅದು ಆ್ಯಪ್. ಟ್ರಾಫಿಕ್ ದಂಡದ ಚಲನ್ ಹೆಸರಿನಲ್ಲೂ ಇದೇ ಬರುತ್ತದೆ.

ಪ್ರಶ್ನೆ: ಉಪ್ಪಳದಿಂದ ಬರೆಯುತ್ತಿದ್ದೇನೆ. ಡಿಗ್ರಿ ಓದುವ ತಮ್ಮ ಒಬ್ಬ ಗೆಳೆಯನಿಗೆ ತನ್ನ ಖಾತೆ, ಎಟಿಎಂ ಕಾರ್ಡ್, ಹೊಸ ಸಿಮ್ ಕೊಟ್ಟಿದ್ದಾನೆ. ತಿಂಗಳಿಗೆ ಇಷ್ಟು ಅಂತ ಬಾಡಿಗೆ ಕೊಡುತ್ತಾರಂತೆ. ಈಗ ಖಾತೆ ಫ್ರೀಜ್ ಆಗಿದೆ. ಅವನೇನೂ ಮೋಸ ಮಾಡಿಲ್ಲ.

ಉತ್ತರ: ಹಿಂದಿನ ಪ್ರಶ್ನೆಯಲ್ಲಿ ‘ಅಲ್ಲಿಂದ ಇನ್ನೊಂದು ಖಾತೆ’ ಅಂದೆನಲ್ಲ, ಆ ಇನ್ನೊಂದು ಖಾತೆ ನಿಮ್ಮ ತಮ್ಮನದು.

ಮಂಜೇಶ್ವರದವರ ದುಡ್ಡು ಕಳ್ಳನ ಹೆಸರಿನ ಖಾತೆಗೆ ಯಾವತ್ತೂ ಹೋಗುವುದಿಲ್ಲ. ಇಂಥ ಹುಡುಗರ ಖಾತೆಗೆ ಹೋಗುತ್ತದೆ. ಪೊಲೀಸರು ಹುಡುಕಿಕೊಂಡು ಬರುವಾಗ ಸಿಗುವ ಹೆಸರು, ಫೋಟೊ, ಆಧಾರ್ ಎಲ್ಲ ಅವನದೇ. ‘ನನಗೆ ಗೊತ್ತಿರಲಿಲ್ಲ’ ಎಂಬುದನ್ನು ಅವನೇ ಹೇಳಿ ನಂಬಿಸಬೇಕು. ದೂರು ಯಾವ ರಾಜ್ಯದಲ್ಲಿ ಆಗಿದೆಯೋ ಆ ರಾಜ್ಯದ ಪೊಲೀಸರು ಕರೆಯುತ್ತಾರೆ, ರಾಜಸ್ಥಾನವೋ ತೆಲಂಗಾಣವೋ. ನಾಳೆ ಗಲ್ಫ್‌ಗೆ ಹೋಗುವಾಗ ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ ಆ ಕೇಸು ಎದುರು ಬಂದು ನಿಲ್ಲುತ್ತದೆ.

ಬೈಯುವುದನ್ನು ಆಮೇಲೆ ಬೈಯಿರಿ. ಬ್ಯಾಂಕಿಗೆ ಹೋಗಿ ಯಾವ ದೂರಿನ ಮೇಲೆ ಫ್ರೀಜ್ ಆಗಿದೆ, ಅದರ ಸಂಖ್ಯೆ, ಠಾಣೆ ಯಾವುದು ಎಂದು ಬರಹದಲ್ಲಿ ಕೇಳಿ. ಕಾರ್ಡ್ ಬ್ಲಾಕ್ ಮಾಡಿಸಿ, ಸಿಮ್ ಬಂದ್ ಮಾಡಿಸಿ. ಗೆಳೆಯನ ಜೊತೆ ನಡೆದ ವಾಟ್ಸ್‌ಆ್ಯಪ್ ಮಾತುಕತೆಯನ್ನು ಅಳಿಸಬೇಡಿ, ತಮ್ಮನ ಪರವಾಗಿ ಇರುವ ಸಾಕ್ಷಿ ಅದೊಂದೇ. ವಕೀಲರೊಬ್ಬರನ್ನು ಕಂಡು, ಕರೆ ಬರುವ ಮುಂಚೆ ತಾವೇ ಠಾಣೆಗೆ ಹೋಗುವುದು ಒಳ್ಳೆಯದು. ಫ್ರೀಜ್ ತೆಗೆಸಿಕೊಡುತ್ತೇವೆ ಎಂದು ದುಡ್ಡು ಕೇಳುವವರು ಬಂದರೆ ಅದು ಇನ್ನೊಂದು ಮೋಸ.

ಪ್ರಶ್ನೆ: ಪೊಲೀಸ್ ಯೂನಿಫಾರಂ ಹಾಕಿದವರು ವಿಡಿಯೊ ಕಾಲ್ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದರೆ ಫೋನ್ ಇಡಬಹುದಾ? — ಕುಂಬಳೆಯ ನಿವೃತ್ತ ಶಿಕ್ಷಕಿ

ಉತ್ತರ: ಇಡಿ ಟೀಚರ್. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ರೇಡಿಯೊ ಭಾಷಣದಲ್ಲಿ ಇದನ್ನು ಹೇಳಿದ್ದರು. ‘ಯಾರಿಗೂ ಹೇಳಬೇಡಿ, ಕೋಣೆಯಿಂದ ಹೊರಗೆ ಬರಬೇಡಿ’ ಎಂದರೆ ಮೊದಲು ಮಾಡಬೇಕಾದದ್ದು ಹೊರಗೆ ಬಂದು ನೆರೆಮನೆಯವರಿಗೆ ಹೇಳುವುದು.

ಪ್ರಶ್ನೆ: ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯುವ ಮೆಷಿನ್ ಬಗ್ಗೆ ಹೆದರಿಕೆ. ನಮ್ಮ ಬೆರಳಚ್ಚು ಎಷ್ಟೋ ಕಡೆ ಕೊಟ್ಟಿದ್ದೇವೆ. — ಬದಿಯಡ್ಕ

ಉತ್ತರ: ಆ ಮೆಷಿನ್‌ಗೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇದ್ದರೆ ಸಾಕು, ಓಟಿಪಿ ಬೇಡ. ಕಾಗದಪತ್ರಗಳಿಂದ ಬೆರಳಚ್ಚಿನ ನಕಲು ಮಾಡಿ ದುಡ್ಡು ತೆಗೆದದ್ದೂ ಇದೆ. ಅದಕ್ಕೆ ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕಬಹುದು. ಆಧಾರ್‌ನ ಆ್ಯಪ್‌ನಲ್ಲಿ ಅಥವಾ ವೆಬ್‌ಸೈಟಿನಲ್ಲಿ ಎರಡು ನಿಮಿಷದ ಕೆಲಸ, ಮೊಬೈಲ್ ನಂಬರ್ ಆಧಾರ್‌ಗೆ ಸೇರಿರಬೇಕು ಅಷ್ಟೆ. 1947ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಜೆರಾಕ್ಸ್ ಕೊಡಬೇಕಾದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯೂ ಸಿಗುತ್ತದೆ, ಅದನ್ನು ಕೊಡಿ.

ಒಂದು ತಾಪತ್ರಯ ಇದೆ. ಬೀಗ ಹಾಕಿದ ಬೆರಳು ರೇಷನ್ ಅಂಗಡಿಯಲ್ಲೂ ನಡೆಯುವುದಿಲ್ಲ, ಪೆನ್ಶನ್‌ದಾರರು ಬದುಕಿದ್ದಾರೆಂದು ಖಚಿತಪಡಿಸುವ ಮಸ್ಟರಿಂಗ್‌ಗೂ ನಡೆಯುವುದಿಲ್ಲ. ನಾನು ಹಾಕಿಸಿದ ಮೊದಲ ತಿಂಗಳು ಅದನ್ನು ಮರೆತು ಕ್ಯೂನಲ್ಲಿ ನಿಂತು, ಅಕ್ಕಿ ಇಲ್ಲದೆ ಮನೆಗೆ ಬಂದು ಬೈಸಿಕೊಂಡಿದ್ದೆ. ಈಗ ರೇಷನ್‌ಗೆ ಹೊರಡುವ ಮುಂಚೆ ಮನೆಯಲ್ಲೇ ಬೀಗ ತೆಗೆಯುತ್ತೇನೆ. ಅಂಗಡಿಯ ಹತ್ತಿರ ನೆಟ್ ಸಿಗುತ್ತದೆ ಎಂದು ನಂಬಿ ಹೋಗಬೇಡಿ.