ಓದುಗರ ಪ್ರಶ್ನೆ: ಏಳು ತಂಡಗಳ ಲೀಗ್, ತಲೆ ತಿನ್ನುವ ಅಂಕಪಟ್ಟಿ

ಪ್ರಶ್ನೆ: ಮಹಿಳಾ ಫುಟ್‌ಬಾಲ್‌ನ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ 2022-23ರಲ್ಲಿ 16 ತಂಡಗಳಿದ್ದವು, 2023-24ರಲ್ಲಿ ಏಳೇ. ಲೀಗ್ ಸೊರಗಿತೇ?
– ಓದುಗರು, ದಾವಣಗೆರೆ

ಉತ್ತರ: ತಂಡಗಳು ಕಡಿಮೆಯಾದವು, ಆಟ ಹೆಚ್ಚಿತು. 2022-23ರಲ್ಲಿ ಎಲ್ಲರೂ ಅಹಮದಾಬಾದಿಗೆ ಹೋಗಿ, ಎಂಟೆಂಟು ತಂಡಗಳ ಎರಡು ಗುಂಪುಗಳಲ್ಲಿ ಏಪ್ರಿಲ್ ಕೊನೆಯಿಂದ ಮೇ 21ರೊಳಗೆ ಆಡಿ ಮುಗಿಸಬೇಕಿತ್ತು. ಗುಂಪಿನ ಹಂತದಲ್ಲೇ ಹೊರಬಿದ್ದವರಿಗೆ ವರ್ಷಕ್ಕೆ ಏಳೇ ಪಂದ್ಯ. ಆ ಬಿಸಿಲಲ್ಲಿ ತೊಡೆಯ ಸ್ನಾಯು ಹಿಡಿದು ಒಬ್ಬಳು ವಾರ ಕೂತರೆ ಎರಡು ಪಂದ್ಯ ಕೈಬಿಟ್ಟಂತೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಫೈನಲ್ ತಲುಪಿ ಗೋಕುಲಂ ಕೇರಳಕ್ಕೆ 5-0ರಿಂದ ಸೋತದ್ದು ಅಲ್ಲೇ.

ಮುಂದಿನ ವರ್ಷ ಮೊದಲ ಬಾರಿಗೆ ತವರಿನಲ್ಲೊಂದು, ಎದುರಾಳಿಯ ಊರಿನಲ್ಲೊಂದು ಪಂದ್ಯದ ಪದ್ಧತಿ ಬಂತು. ಆರು ಎದುರಾಳಿಗಳು, ತಲಾ ಎರಡು ಬಾರಿ: ತಂಡಕ್ಕೆ 12 ಪಂದ್ಯ, ಒಟ್ಟು 42. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹರಡಿದ್ದರಿಂದ ಗಾಯಗೊಂಡವಳು ಮರಳಿ ಬರಲು ಸಮಯ ಸಿಕ್ಕಿತು. ಆದರೆ ಪ್ರಯಾಣದ ಖರ್ಚು ಏರಿತು. ಸಣ್ಣ ಕ್ಲಬ್‌ಗಳಿಗೆ ನಿಜವಾದ ಹೊರೆ ಅದೇ.

ಪ್ರಶ್ನೆ: 2023-24ರ ಲೀಗ್‌ನ ನಡುವೆ ಅಂಕಪಟ್ಟಿ ನೋಡಿದರೆ ಯಾರು ಮುಂದಿದ್ದಾರೆಂದೇ ತಿಳಿಯುತ್ತಿರಲಿಲ್ಲ. ಏಕೆ?
– ಓದುಗರು, ಉಡುಪಿ

ಉತ್ತರ: ಏಳು ಬೆಸಸಂಖ್ಯೆ. ಪ್ರತಿ ಸುತ್ತಿನಲ್ಲಿ ಒಂದು ತಂಡ ಸುಮ್ಮನೆ ಕೂರಬೇಕು, ಹಾಗಾಗಿ ಆಡಿದ ಪಂದ್ಯಗಳ ಲೆಕ್ಕ ಸಮನಾಗುವುದಿಲ್ಲ. ಗೆಲುವಿಗೆ ಮೂರು ಅಂಕ, ಡ್ರಾಗೆ ಒಂದು. ಗಳಿಸಿದ ಅಂಕ ಬಿಡಿ, ಕಳೆದುಕೊಂಡದ್ದನ್ನು ಎಣಿಸಿ: ಆಡಿದ ಪಂದ್ಯಗಳನ್ನು ಮೂರರಿಂದ ಗುಣಿಸಿ, ಗಳಿಸಿದ್ದನ್ನು ಕಳೆಯಿರಿ. ಡ್ರಾಗೆ ಎರಡು, ಸೋಲಿಗೆ ಮೂರು ಹೋಗುತ್ತದೆ. ಕಡಿಮೆ ಕಳೆದುಕೊಂಡವರೇ ಮುಂದೆ. ಕೊನೆಯಲ್ಲಿ ಒಡಿಶಾ ಎಫ್‌ಸಿ 31, ಗೋಕುಲಂ 29. ಅಂದರೆ 36ರಲ್ಲಿ ಒಡಿಶಾ ಕಳೆದುಕೊಂಡದ್ದು ಐದು: ಒಂದು ಡ್ರಾ, ಒಂದು ಸೋಲು. ಗೋಕುಲಂ ಏಳು: ಎರಡು ಡ್ರಾ, ಒಂದು ಸೋಲು. ಪ್ರಶಸ್ತಿ ನಿಂತದ್ದು ಒಂದೇ ಒಂದು ಹೆಚ್ಚುವರಿ ಡ್ರಾ ಮೇಲೆ! 2024-25ರಲ್ಲಿ ಎಂಟು ತಂಡಗಳಾದ ಮೇಲೆ ಈ ತೊಡಕು ತಪ್ಪಿತು. ಆ ವರ್ಷ ಈಸ್ಟ್ ಬೆಂಗಾಲ್ ಗೆದ್ದಿತು.

ಪ್ರಶ್ನೆ: ನಮ್ಮ ಮಗಳಿಗೆ 16. ಈ ಲೀಗ್‌ಗೆ ದಾರಿ ಯಾವುದು?
– ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ರಾಜ್ಯ ಫುಟ್‌ಬಾಲ್ ಸಂಸ್ಥೆಯ ಮಹಿಳಾ ಲೀಗ್ ಆಡುವ ಕ್ಲಬ್ ಸೇರಿಸಿ. ರಾಜ್ಯದ ಲೀಗ್‌ನಿಂದ ಇಂಡಿಯನ್ ವಿಮೆನ್ಸ್ ಲೀಗ್‌ನ ಎರಡನೇ ದರ್ಜೆಯಾದ ಐಡಬ್ಲ್ಯುಎಲ್-2, ಅಲ್ಲಿಂದ ಬಡ್ತಿ. ರಾಷ್ಟ್ರೀಯ ಫೆಡರೇಷನ್ನಿನ ಸಿಆರ್‌ಎಸ್ ತಾಣದಲ್ಲಿ ನೋಂದಣಿ ಮಾಡುವುದು ಕ್ಲಬ್ಬೇ. ಜನನ ಪ್ರಮಾಣಪತ್ರ ಮತ್ತು ಆಧಾರ್‌ನಲ್ಲಿ ಹೆಸರಿನ ಕಾಗುಣಿತ, ಹುಟ್ಟಿದ ದಿನ ಒಂದೇ ಇರಲಿ. ಇನಿಶಿಯಲ್ ಹಿಂದೆ ಮುಂದೆ ಆಗಿದ್ದರೂ ಈಗಲೇ ಸರಿಪಡಿಸಿ, ವರ್ಗಾವಣೆಯ (ಆಟಗಾರ್ತಿಯರು ಕ್ಲಬ್ ಬದಲಿಸುವ) ಅವಧಿ ಶುರುವಾದ ಮೇಲೆ ಅಲೆದಾಟ ತಪ್ಪುತ್ತದೆ.