ಬಾಡಿಗೆ ಬರುತ್ತೆ ಸರಿ, ಉಳಿಯೋದು ಎಷ್ಟು?

(ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ವರ್ಷಗಟ್ಟಲೆ ಪತ್ರ ಬರೆದು, ಈಗ ತುಮಕೂರಿನಲ್ಲಿ ತಮ್ಮ ಬಾಡಿಗೆ ಮನೆಗಳನ್ನು ನೋಡಿಕೊಂಡಿರುವ ನಮ್ಮ ಅಂಕಣಗಾರ್ತಿ, ಓದುಗರ ಆಸ್ತಿ-ಬಾಡಿಗೆ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುತ್ತಾರೆ.)

ಮೇಡಂ, ನನಗೆ 31 ವರ್ಷ. ಬೆಂಗಳೂರಿನಲ್ಲಿ ಕೆಲಸ. 50 ಲಕ್ಷಕ್ಕೆ ಒಂದು ಫ್ಲಾಟ್ ನೋಡಿದ್ದೇನೆ. ಕೈಯಲ್ಲಿ 10 ಲಕ್ಷ ಇದೆ, ಉಳಿದ 40 ಲಕ್ಷ ಬ್ಯಾಂಕ್ ಸಾಲ. ತಿಂಗಳಿಗೆ 15 ಸಾವಿರ ಬಾಡಿಗೆ ಬರುತ್ತೆ, ಕಂತಿನ ಅರ್ಧ ಅದರಲ್ಲೇ ತೀರುತ್ತೆ ಅಂತ ಬಿಲ್ಡರ್ ಕಡೆಯವರು ಹೇಳುತ್ತಿದ್ದಾರೆ. ಮುಂದುವರಿಯಲಾ?
— ಓದುಗ, ಬೆಂಗಳೂರು

ತಮ್ಮಾ, ಮೊದಲು ಆ 10 ಲಕ್ಷದ ವಿಚಾರ. ಅದು ಸಾಲುವುದಿಲ್ಲ. ರಿಜಿಸ್ಟ್ರೇಷನ್ ಖರ್ಚನ್ನು ನೀವು ಎಲ್ಲೂ ಬರೆದಿಲ್ಲ. ಮುದ್ರಾಂಕ ಶುಲ್ಕ ನೂರಕ್ಕೆ 5. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ ಮೊದಲು ನೂರಕ್ಕೆ 1 ಇತ್ತು, 2025ರ ಆಗಸ್ಟ್ ಕೊನೆಯಿಂದ 2 ಆಗಿದೆ. ಎಲ್ಲ ಕೂಡಿದರೆ 50 ಲಕ್ಷಕ್ಕೆ 3 ಲಕ್ಷ 80 ಸಾವಿರ. ಇದನ್ನು ಬ್ಯಾಂಕ್ ಮನೆ ಸಾಲದಲ್ಲಿ ಸೇರಿಸುವುದಿಲ್ಲ. ಕೈಯಿಂದಲೇ ಕಟ್ಟಬೇಕು.

ಈಗ ಬಾಡಿಗೆ. 15 ಸಾವಿರದಂತೆ ವರ್ಷಕ್ಕೆ 1 ಲಕ್ಷ 80 ಸಾವಿರ. ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ತಿಂಗಳಿಗೆ ಎರಡೂವರೆ ಸಾವಿರ ಅಂತ ಇಟ್ಟುಕೊಳ್ಳಿ, 30 ಸಾವಿರ ಹೋಯಿತು. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ನಡುವೆ ಒಂದು ತಿಂಗಳು ಮನೆ ಖಾಲಿ ಬಿದ್ದರೆ 15 ಸಾವಿರ. ಕಂದಾಯ, ಗೀಸರ್ ರಿಪೇರಿ, ನಲ್ಲಿ, ಬ್ರೋಕರ್ ಕಮಿಷನ್ ಅಂತ ಇನ್ನೊಂದು 15 ಸಾವಿರ. ಉಳಿದದ್ದು 1 ಲಕ್ಷ 20 ಸಾವಿರ. ನೀವು ಹಾಕಿದ್ದು 53 ಲಕ್ಷ 80 ಸಾವಿರ. ನೂರಕ್ಕೆ ಎರಡೂ ಕಾಲು ಕೂಡ ಬರಲಿಲ್ಲ.

40 ಲಕ್ಷಕ್ಕೆ ಎಂಟೂವರೆ ಬಡ್ಡಿಯಲ್ಲಿ 20 ವರ್ಷಕ್ಕೆ ಕಂತು ಸುಮಾರು 34,700 ಆಗುತ್ತದೆ. ಬಾಡಿಗೆಯಲ್ಲಿ ಕೈಗೆ ಉಳಿಯುವುದು ತಿಂಗಳಿಗೆ 10 ಸಾವಿರ. ಮಿಕ್ಕ 24,700 ನಿಮ್ಮ ಸಂಬಳದಿಂದಲೇ ಹೋಗಬೇಕು. 'ಅರ್ಧ ತೀರುತ್ತೆ' ಅಂದವರನ್ನು ಎದುರಿಗೆ ಕೂರಿಸಿಕೊಂಡು ಈ ಲೆಕ್ಕ ಬರೆಸಿ. ಸುಮ್ನೆ ಮುಖ ನೋಡಿ.

ಹಾಗಂತ ಫ್ಲಾಟ್ ಬೇಡ ಅಂತಲ್ಲ. ನಾಳೆ ನೀವೇ ಅಲ್ಲಿ ಇರುವವರಾದರೆ, ಅಥವಾ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವ ಯೋಚನೆ ಇದ್ದರೆ, ಲೆಕ್ಕವೇ ಬೇರೆ. ಬಾಡಿಗೆಗಾಗಿಯೇ ಕೊಳ್ಳುವುದಾದರೆ ಕಾಯಿರಿ. ಇದೇ ದುಡ್ಡಿಗೆ ತುಮಕೂರು, ಹಾಸನದಂಥ ಊರಲ್ಲಿ ಕೆಳಗೊಂದು ಮೇಲೊಂದು ಮನೆ ಇರುವ ಹಳೇ ಕಟ್ಟಡ ಸಿಗುತ್ತದಾ ನೋಡಿ. ಎರಡು ಬಾಡಿಗೆ ಬಂದರೆ ಒಂದು ಮನೆ ಖಾಲಿ ಇದ್ದಾಗಲೂ ಇನ್ನೊಂದು ನಡೆಯುತ್ತದೆ.

ಕೊಂಡೇ ಕೊಳ್ಳುತ್ತೀರಿ ಅಂತಾದರೆ ಎರಡು ಮಾತು. ಬಿಲ್ಡರ್ ಹತ್ತಿರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಕೇಳಿ, ರೇರಾ ವೆಬ್‌ಸೈಟಿನಲ್ಲಿ ನೀವೇ ಹುಡುಕಿ. ಕಟ್ಟಿ ಮುಗಿದಿದ್ದರೆ ಓ.ಸಿ., ಅಂದರೆ ವಾಸಯೋಗ್ಯ ಪ್ರಮಾಣಪತ್ರ, ಕಣ್ಣಾರೆ ನೋಡಿ. 'ಅಪ್ಲೈ ಮಾಡಿದ್ದೀವಿ' ಅಂದರೆ ಇಲ್ಲ ಅಂತಲೇ ಅರ್ಥ. ಇನ್ನು, ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ನೂರಕ್ಕೆ 1 ಟಿ.ಡಿ.ಎಸ್., ಅಂದರೆ ಮೂಲದಲ್ಲೇ ಕಡಿತ ಮಾಡುವ ತೆರಿಗೆ, ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಮಾರುವವರಿಗೆ ಪೂರ್ತಿ ಕೊಟ್ಟುಬಿಟ್ಟು ಆಮೇಲೆ ನೋಟಿಸ್ ಬಂದಾಗ ಒದ್ದಾಡಬೇಡಿ.

ನಮ್ಮ ಮನೆ ಮೇಲಿನ ಅಂತಸ್ತಿಗೆ ಒಬ್ಬರು 12 ಲಕ್ಷ ಭೋಗ್ಯಕ್ಕೆ ಕೇಳುತ್ತಿದ್ದಾರೆ, ಮೂರು ವರ್ಷಕ್ಕೆ. ಬಾಡಿಗೆಗೆ ಕೊಟ್ಟರೆ 13 ಸಾವಿರ ಬರುತ್ತದೆ. ಭೋಗ್ಯದ ದುಡ್ಡಲ್ಲಿ ಮೂರನೇ ಅಂತಸ್ತು ಎಬ್ಬಿಸೋಣ ಅಂತ ಯಜಮಾನರ ಆಸೆ. ಮನೆ ಮೇಲೆ ಬ್ಯಾಂಕ್ ಸಾಲ ಇನ್ನೂ ಇದೆ.
— ಗೃಹಿಣಿ, ಕಾಮಾಕ್ಷಿಪಾಳ್ಯ

ಅಮ್ಮಾ, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಇದನ್ನು ಓದಿ.

ಭೋಗ್ಯ ಅಂದರೆ ಒಟ್ಟಿಗೆ ದೊಡ್ಡ ಮೊತ್ತ ಪಡೆದು, ಬಾಡಿಗೆ ಇಲ್ಲದೆ ಮನೆ ಕೊಟ್ಟು, ಅವಧಿ ಮುಗಿದಾಗ ಅಷ್ಟೂ ವಾಪಸ್ ಕೊಡುವುದು. ಅದಕ್ಕೆ ಬಡ್ಡಿ ಇಲ್ಲ ಅಂತ ಎಲ್ಲರೂ ತಿಳಿದಿದ್ದಾರೆ. ಇದೆ. ನೀವು ಬಿಟ್ಟುಕೊಡುವ ಬಾಡಿಗೆಯೇ ಬಡ್ಡಿ. 13 ಸಾವಿರದಂತೆ ವರ್ಷಕ್ಕೆ 1 ಲಕ್ಷ 56 ಸಾವಿರ. 12 ಲಕ್ಷಕ್ಕೆ ಅದು ನೂರಕ್ಕೆ 13 ಆಯಿತು. ಮನೆ ಸಾಲ ಇದಕ್ಕಿಂತ ಎಷ್ಟೋ ಅಗ್ಗ ಅಲ್ವಾ? ಅದೇ ಮನೆಗೆ ಎಂಟು ಸಾವಿರ ಮಾತ್ರ ಬಾಡಿಗೆ ಬರುವಂತಿದ್ದರೆ ನೂರಕ್ಕೆ 8 ಆಗುತ್ತಿತ್ತು. ಆಗ ಭೋಗ್ಯ ಲಾಭವೇ. ಹಾಗಾಗಿ ಭೋಗ್ಯ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಮನೆಗೆ ಈ ಮೊತ್ತ ದುಬಾರಿ, ಅದಂತೂ ಖಂಡಿತ.

ಎರಡನೆಯದು ಮೂರು ವರ್ಷದ ಕೊನೆಯ ದಿನ. 12 ಲಕ್ಷ ಒಟ್ಟಿಗೆ ಎಣಿಸಿಕೊಡಬೇಕು. ಅಷ್ಟು ಹೊತ್ತಿಗೆ ಅದು ಇಟ್ಟಿಗೆ, ಕಬ್ಬಿಣ ಆಗಿರುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ. ಹೊಸ ಪಾರ್ಟಿ ಹುಡುಕಿ, ಅವರ ದುಡ್ಡನ್ನು ಹಳಬರಿಗೆ ಕೊಡುವುದು. ಈ ವ್ಯವಹಾರಗಳು ನನ್ನ ಮೇಜಿನ ಮುಂದೆ ಎಷ್ಟು ನಡೆದಿವೆಯೋ. ಹಳಬರ ಸಾಮಾನು ಲಗೇಜ್ ಆಟೋಗೆ ಹೇರಿ ಆಗಿರುತ್ತದೆ. ಸಿಲಿಂಡರ್, ಕುಕ್ಕರ್, ದೇವರ ಫೋಟೋ ಎಲ್ಲ ಮೇಲೇರಿವೆ. ಹೊಸ ಮನೆಯವರಿಗೆ ಅವರೂ ಅಡ್ವಾನ್ಸ್ ಕೊಡಬೇಕು. ಇಲ್ಲಿ ಹೊಸ ಪಾರ್ಟಿಯ ಡಿ.ಡಿ. ಇನ್ನೂ ಬ್ಯಾಂಕಿನಿಂದ ಬಂದಿಲ್ಲ. ಸಂಜೆ ಆಗುತ್ತದೆ, ಆಟೋದವನು ವೇಟಿಂಗ್ ಚಾರ್ಜ್ ಕೇಳುತ್ತಾನೆ, ಜಗಳ ಶುರುವಾಗುತ್ತದೆ. ಹೊಸ ಪಾರ್ಟಿ ಕೈಕೊಟ್ಟರಂತೂ ಹಳಬರು ಸಾಮಾನು ಇಳಿಸಿ ಮತ್ತೆ ಒಳಗೆ ಹೋಗುತ್ತಾರೆ. ಅವರದ್ದು ತಪ್ಪು ಅಂತ ಯಾರೂ ಹೇಳಲಾರರು.

ಮೂರನೆಯದು ಬ್ಯಾಂಕ್. ಮನೆ ಅವರ ಹತ್ತಿರ ಅಡಮಾನ ಇರುವಾಗ ಅವರ ಒಪ್ಪಿಗೆ ಪತ್ರ ಇಲ್ಲದೆ ಭೋಗ್ಯಕ್ಕೆ ಕೊಡಬೇಡಿ. ಭೋಗ್ಯವೂ ಒಂದು ಅಡಮಾನವೇ. ಅದನ್ನು ರಿಜಿಸ್ಟರ್ ಮಾಡಿಸಬೇಕು. ಛಾಪಾ ಕಾಗದದಲ್ಲಿ ಬರೆದು ನೋಟರಿ ಸೀಲ್ ಹಾಕಿಸಿದರೆ ಆಯಿತು ಅನ್ನುವವರ ಮಾತು ಕೇಳಬೇಡಿ.

ಕೊನೆಯದಾಗಿ, 'ಅರ್ಧ ಕ್ಯಾಶ್ ಕೊಡ್ತೀವಿ' ಅಂದರೆ ಅಲ್ಲೇ ನಿಲ್ಲಿಸಿ. ಇಂಥ ಹಣ 20 ಸಾವಿರ ಅಥವಾ ಜಾಸ್ತಿ ಆದರೆ ನಗದಾಗಿ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡಷ್ಟೇ ಮೊತ್ತ ದಂಡ ಬೀಳಬಹುದು. ವಾಪಸ್ ಕೊಡುವಾಗಲೂ ಅದೇ ನಿಯಮ.

ನನ್ನನ್ನು ಕೇಳಿದರೆ, 13 ಸಾವಿರ ಬಾಡಿಗೆಗೆ ಕೊಡಿ. ಅದರಲ್ಲಿ ಈಗಿನ ಸಾಲ ಬೇಗ ತೀರಿಸಿ. ಮೂರನೇ ಅಂತಸ್ತು ಆಮೇಲೆ. ನಕ್ಷೆ ಮಂಜೂರಾತಿಯಲ್ಲಿ ಮೂರನೇ ಅಂತಸ್ತು ಇದೆಯಾ ಅಂತಲೂ ಒಮ್ಮೆ ತೆಗೆದು ನೋಡಿ.

ಊರ ಹೊರಗೆ ಪಂಚಾಯಿತಿ ಲಿಮಿಟ್ಟಿನಲ್ಲಿ 30x40 ಸೈಟ್. ಏಜೆಂಟ್ 'ಇ-ಸ್ವತ್ತು ಇದೆ, ಇ.ಸಿ. ಕ್ಲಿಯರ್ ಇದೆ' ಅನ್ನುತ್ತಾರೆ. ಕ್ರಯಪತ್ರದ ಕರಡು ಕಳಿಸಿದ್ದೇನೆ. ನೋಡಿ ಹೇಳಿ.
— ಶಿಕ್ಷಕ, ದಾವಣಗೆರೆ

ಮೇಷ್ಟ್ರೇ, ಕರಡು ನೋಡಿದೆ. ನಾನು ಯಾವತ್ತೂ ಮೊದಲು ಓದುವುದು ಚಕ್ಕುಬಂದಿ, ಅಂದರೆ ಸೈಟಿನ ನಾಲ್ಕು ಕಡೆ ಏನಿದೆ ಅನ್ನುವ ಭಾಗ. ನಿಮ್ಮದರಲ್ಲಿ ಹೀಗಿದೆ. ಪೂರ್ವಕ್ಕೆ 20 ಅಡಿ ರಸ್ತೆ, ಪಶ್ಚಿಮಕ್ಕೆ ಸೈಟ್ ನಂ. 14, ಉತ್ತರಕ್ಕೆ ಸೈಟ್ ನಂ. 8, ದಕ್ಷಿಣಕ್ಕೆ 'ಇದೇ ಸರ್ವೆ ನಂಬರಿನ ಉಳಿಕೆ ಜಮೀನು'.

ಆ ದಕ್ಷಿಣದ ಸಾಲಿನಲ್ಲೇ ನಿಲ್ಲಿ. ಮಂಜೂರಾದ ಬಡಾವಣೆಯಲ್ಲಿ ಸೈಟಿನ ಪಕ್ಕ ಸಾಮಾನ್ಯವಾಗಿ ಇನ್ನೊಂದು ಸೈಟ್ ಇರುತ್ತದೆ, ಇಲ್ಲವೇ ರಸ್ತೆ, ಪಾರ್ಕ್. ಉಳಿಕೆ ಜಮೀನು ಅಂದರೆ ಯಾರ ಉಳಿಕೆ, ಎಷ್ಟು ಗುಂಟೆ? ಪೋಡಿ, ಅಂದರೆ ಅಳತೆ ಮಾಡಿ ಜಮೀನು ಬೇರೆ ಮಾಡುವುದು, ಆಗಿದೆಯಾ? ಯಾರೋ ರೈತರ ಜಮೀನಿಗೆ ಸುಣ್ಣದ ಗೆರೆ ಎಳೆದು ಮಾರುತ್ತಿರಬಹುದು. ಆ ಸರ್ವೆ ನಂಬರಿನ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಸಾಲ ಏನಾದರೂ ಇದೆಯಾ ನೋಡಿ. ಅಲ್ಲಿ ಇನ್ನೂ ರಾಗಿ, ಜೋಳ ಬೆಳೆ ತೋರಿಸುತ್ತಿದ್ದರೆ ಅಲಿನೇಷನ್ (ಕೃಷಿ ಜಮೀನನ್ನು ಕೃಷಿಯೇತರಕ್ಕೆ ಪರಿವರ್ತಿಸಿದ) ಆದೇಶದ ಪ್ರತಿ ಕೇಳಿ.

ಇ-ಸ್ವತ್ತು, ಅಂದರೆ ಪಂಚಾಯಿತಿ ಕೊಡುವ ಆನ್‌ಲೈನ್ ಆಸ್ತಿ ದಾಖಲೆ, ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ನಮೂನೆ 9 ಮತ್ತು 11ಎ ಬೇರೆ, 11ಬಿ ಬೇರೆ. 11ಬಿ ಅಂದರೆ ನಗರದ ಬಿ ಖಾತೆಯ ತಮ್ಮ ಅಂತ ತಿಳಿಯಿರಿ. ಕಂದಾಯ ಕಟ್ಟಿಸಿಕೊಳ್ಳುತ್ತಾರೆ, ಆದರೆ ಬಡಾವಣೆ ಸಕ್ರಮ ಅಂತ ಯಾರೂ ಹೇಳಿರುವುದಿಲ್ಲ.

ಇ.ಸಿ. (ಋಣಭಾರ ಪ್ರಮಾಣಪತ್ರ) ಕ್ಲಿಯರ್ ಅಂದರೆ ಏನು? ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಆನ್‌ಲೈನ್ ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗಿನದು. ಅದಕ್ಕೂ ಹಿಂದಿನದನ್ನು ಕಚೇರಿಯಿಂದ ತೆಗೆಸಬೇಕು. ಕನಿಷ್ಠ 30 ವರ್ಷದ್ದು ತೆಗೆಸಿ. ಅದರಲ್ಲೂ ರಿಜಿಸ್ಟರ್ ಆಗಿದ್ದು ಮಾತ್ರ ಕಾಣುತ್ತದೆ. ಮಾರುವವರ ತಂಗಿಗೆ ಪಾಲಿದೆಯಾ ಇಲ್ಲವಾ ಅಂತ ಇ.ಸಿ. ಹೇಳುವುದಿಲ್ಲ. ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ತರಿಸಿ, ಹೆಣ್ಣುಮಕ್ಕಳೆಲ್ಲರ ಸಹಿ ಹಾಕಿಸಿ. 2005ರ ತಿದ್ದುಪಡಿ ಆದಮೇಲೆ ಮಗಳಿಗೂ ಮಗನಷ್ಟೇ ಹಕ್ಕು. 'ಅವಳು ಏನೂ ಕೇಳಲ್ಲ ಬಿಡಿ' ಅಂತ ಅಣ್ಣಂದಿರು ಹೇಳುತ್ತಾರೆ. ಅವಳ ಬಾಯಿಂದ ಕೇಳಿ.

ಇನ್ನೊಂದು ಇದೆ, ಜನ ಇದನ್ನೇ ಮರೆಯುತ್ತಾರೆ. ಹಳೇ ಪತ್ರಗಳಲ್ಲಿ ಎಲ್ಲಾದರೂ 'ಮಂಜೂರಾತಿ', 'ದರಖಾಸ್ತು' ಅನ್ನುವ ಪದ ಕಂಡರೆ ಆ ಜಮೀನು ಮೊದಲು ಯಾರಿಗೆ ಕೊಟ್ಟದ್ದು ಅಂತ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅದು. 2023ರ ತಿದ್ದುಪಡಿಯಲ್ಲಿ ಇಂಥ ಜಮೀನು ವಾಪಸ್ ಕೇಳುವ ಅರ್ಜಿಗೆ ಕಾಲಮಿತಿ ಇಲ್ಲ ಅಂತಲೂ ಸೇರಿಸಿದ್ದಾರೆ. ಜಮೀನು ಕಳೆದುಕೊಂಡವರಿಗೆ ಅದು ನ್ಯಾಯವೇ. ನೀವು ಮಾತ್ರ ಅದರ ನಡುವೆ ಸಿಕ್ಕಿಹಾಕಿಕೊಳ್ಳಬೇಡಿ.

ಇವೆಲ್ಲ ಸಿಗುವ ತನಕ ಟೋಕನ್ ಅಡ್ವಾನ್ಸ್ ಕೂಡ ಬೇಡ. 'ನಾಳೆ ಬೇರೆಯವರು ತಗೊಂಡುಬಿಡ್ತಾರೆ' ಅಂದರೆ ತಗೊಳ್ಳಲಿ ಬಿಡಿ.

ಬಾಡಿಗೆದಾರರು ಎರಡು ವರ್ಷ ಇದ್ದು ಖಾಲಿ ಮಾಡುತ್ತಿದ್ದಾರೆ. ಪೇಂಟಿಂಗ್‌ಗೆ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯಬಹುದು?
— ಮೈಸೂರು

ಕರಾರಿನಲ್ಲಿ ಏನು ಬರೆದಿದ್ದೀರೋ ಅಷ್ಟು. ಒಂದು ತಿಂಗಳ ಬಾಡಿಗೆ ಅಂತ ಬರೆಯುವುದು ರೂಢಿ. ಬರೆದಿಲ್ಲದಿದ್ದರೆ ಬಾಯಿಮಾತಿನ ರೂಢಿ ಹಿಡಿದು ಜಗಳ ಮಾಡಬೇಡಿ. ಗೋಡೆ ಬಣ್ಣ ಮಾಸುವುದು ಸಹಜ. ಸಿಂಕ್ ಒಡೆದಿದ್ದರೆ, ಬಾಗಿಲಿಗೆ ಡ್ರಿಲ್ ಹಾಕಿದ್ದರೆ ಅದರ ಬಿಲ್ ತೋರಿಸಿ ಹಿಡಿಯಿರಿ. ಮುಂದಿನವರು ಬರುವ ಮೊದಲು ಪ್ರತಿ ರೂಮಿನ ವಿಡಿಯೋ ಮಾಡಿ ಅವರಿಗೇ ವಾಟ್ಸಾಪ್ ಮಾಡಿಬಿಡಿ. ತಾರೀಕು ತಾನಾಗಿ ಉಳಿಯುತ್ತದೆ.

ಅಡ್ವಾನ್ಸ್ ಅನ್ನು ಬೇರೆ ಖಾತೆಯಲ್ಲಿಡಿ. ಅದು ನಿಮ್ಮ ದುಡ್ಡಲ್ಲ. ಬೀಗದ ಕೈ ಪಡೆದ ದಿನವೇ ವಾಪಸ್ ಕೊಡುವ ಮಾಲೀಕರ ಮನೆ ಹೆಚ್ಚು ದಿನ ಖಾಲಿ ಇರುವುದಿಲ್ಲ. ಹೋಗುವವರೇ ತಮ್ಮ ಸ್ನೇಹಿತರನ್ನು ಕರೆತರುತ್ತಾರೆ.

ನಾನು ದುಬೈನಲ್ಲಿದ್ದೇನೆ. ಸಕಲೇಶಪುರದ ಕಡೆ ಎರಡು ಎಕರೆ ಕಾಫಿ ತೋಟ ಕೊಳ್ಳಬೇಕು. ಈಗ ಯಾರು ಬೇಕಾದರೂ ಕೊಳ್ಳಬಹುದಂತೆ?

ರಾಜ್ಯದಲ್ಲಿ 2020ರ ತಿದ್ದುಪಡಿ ಆದಮೇಲೆ ರೈತರಲ್ಲದವರೂ ಜಮೀನು ಕೊಳ್ಳಬಹುದು, ನಿಜ. ಆದರೆ ಅನಿವಾಸಿಗಳಿಗೆ ವಿದೇಶಿ ವಿನಿಮಯ ಕಾನೂನಿನ ತಡೆ ಬೇರೆ ಇದೆ. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಮೂರನ್ನೂ ನೀವು ಕೊಳ್ಳುವಂತಿಲ್ಲ. ಅಪ್ಪನಿಂದ ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು. ಮನೆ, ಫ್ಲಾಟ್ ಕೊಳ್ಳಲು ಅಡ್ಡಿ ಇಲ್ಲ. ಬಾಡಿಗೆಗೆ ಕೊಟ್ಟರೆ ಬಾಡಿಗೆದಾರರು ನೂರಕ್ಕೆ 30ಕ್ಕೂ ಮೇಲೆ ಟಿ.ಡಿ.ಎಸ್. ಹಿಡಿಯಬೇಕಾಗುತ್ತದೆ. ಅದನ್ನು ಅವರಿಗೆ ಮೊದಲೇ ಹೇಳಿ, ಇಲ್ಲಿನ ಒಬ್ಬ ಆಡಿಟರ್ ನಂಬರ್ ಕೊಡಿ.

(ಪತ್ರಗಳ ನಕಲು ಕಳಿಸುವವರು ಆಧಾರ್, ಪಾನ್ ನಂಬರ್ ಮೇಲೆ ಕಾಗದ ಅಂಟಿಸಿ ಫೋಟೋ ತೆಗೆಯಿರಿ. ಚಕ್ಕುಬಂದಿ ಇರುವ ಪುಟ ಮಾತ್ರ ಬಿಡಬೇಡಿ.)