ಪ್ರೊಜೆಕ್ಟರ್ ಎಂದು ಬಂದ ಮಾತ್ರಕ್ಕೆ ಬಾಯಿ ಮುಚ್ಚಿಕೊಂಡಿರಬೇಕೆ?

ಹುಟ್ಟಿದ ಗಳಿಗೆ ನೋಡಿ ಸ್ವಭಾವ ಹೇಳುವ ಹ್ಯೂಮನ್ ಡಿಸೈನ್ ಎಂಬ ಪದ್ಧತಿಯ ಚಾರ್ಟಿನಲ್ಲಿ ಪ್ರೊಜೆಕ್ಟರ್ ಎಂಬ ಬಗೆಯವರೆಂದು ಬಂದಿದೆ, ಆಹ್ವಾನ ಬರುವ ತನಕ ಕಾಯಬೇಕಂತೆ, ಹಾಗಾದರೆ ಕೆಲಸ ಬಿಡಲೇ ಎಂದು ಕೇಳಿದ್ದೀರಿ. ನಾನು ಕೆಲಸ ಬಿಡಲಿಲ್ಲ. ಕೆಲಸದಲ್ಲಿದ್ದುಕೊಂಡೇ ಮೌನವ್ರತ ಹಿಡಿದೆ. ಅದರ ಬೆಲೆ ತೆತ್ತದ್ದು ಕೊಡಗಿನ ಸುಂಟಿಕೊಪ್ಪದ ಬಳಿಯ ನಮ್ಮ ಸೋದರಮಾವನ ನಾಲ್ಕು ಎಕರೆ ರೋಬಸ್ಟಾ ಕಾಫಿ ತೋಟ.

ಮಾವನಿಗೆ ಮಂಡಿನೋವು ಹೆಚ್ಚಾದಾಗ, ತೋಟ ನೋಡಿಕೊಳ್ಳಲು ಬಾ ಎಂದು ನನ್ನನ್ನು ಕರೆಸಿಕೊಂಡಿದ್ದರು. ಆ ವರ್ಷವೇ ಗೆಳೆಯನೊಬ್ಬ ನನ್ನ ಚಾರ್ಟ್ ತೆಗೆದುಕೊಟ್ಟ. ಅದರಲ್ಲಿ ದೇಹದ ಶಕ್ತಿಕೇಂದ್ರಗಳೆಂದು ತೋರಿಸುವ ಒಂಬತ್ತರಲ್ಲಿ, ದುಡಿಮೆಯ ಕಸುವಿನದೆನ್ನುವ ಸೇಕ್ರಲ್ ಕೇಂದ್ರ ಬಣ್ಣವಿಲ್ಲದೆ ಖಾಲಿ ಇತ್ತು. ಅಂಥ ಪ್ರೊಜೆಕ್ಟರ್‌ಗಳಿಗೆ ದಿನವಿಡೀ ದುಡಿಯುವ ಕಸುವು ಕಡಿಮೆ, ಆದರೆ ಇತರರ ಕೆಲಸವನ್ನು ಕಂಡು ದಾರಿ ತೋರಿಸುವ ಕಣ್ಣಿದೆ, ಕೇಳದೆ ಹೇಳಿದರೆ ಮಾತ್ರ ಕಹಿಯೇ ಗತಿ ಎಂದು ಆ ಪದ್ಧತಿ ಹೇಳುತ್ತದೆ. ನನಗೆ ಕಣ್ಣು ತೆರೆದಂತಾಯಿತು. ಅಷ್ಟು ವರ್ಷ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಸಿಗದಿದ್ದುದಕ್ಕೆ ಇಷ್ಟು ಅಂದವಾದ ಕಾರಣ ಬೇರೆ ಯಾರೂ ಕೊಟ್ಟಿರಲಿಲ್ಲ.

ಮಾರ್ಚ್ ತಿಂಗಳ ಒಂದು ಸಂಜೆ ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ, ಬಂತು. ಬೆಳಿಗ್ಗೆ ಅಳತೆಪಾತ್ರೆ ನೋಡಿದರೆ ಮೂವತ್ತೈದು ಸೆಂಟ್. ನಮ್ಮಲ್ಲಿ ನೂರು ಸೆಂಟಿಗೆ ಒಂದು ಇಂಚು ಮಳೆ. ರೋಬಸ್ಟಾ ಹೂ ಸರಿಯಾಗಿ ಅರಳಲು ಕನಿಷ್ಠ ಒಂದು ಇಂಚಾದರೂ ಬೇಕು. ಅರೆಬರೆ ನೆನೆದ ಮೊಗ್ಗು ಎಚ್ಚೆತ್ತು, ಮುಂದೆ ನೀರು ಸಿಗದೆ ಕೆಂಪಾಗಿ ಕಮರುತ್ತದೆ. ಆ ದಿನವೇ ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಬೇಕಿತ್ತು. ಕೆರೆಯಲ್ಲಿ ನೀರಿತ್ತು, ಪೈಪುಗಳು ಗೋದಾಮಿನಲ್ಲಿದ್ದವು. ಮಾವ ಜಗಲಿಯಲ್ಲಿ ಕಾಫಿ ಕುಡಿಯುತ್ತಾ, "ದೇವರ ದಯೆ, ಡೀಸೆಲ್ ಖರ್ಚು ಉಳಿಯಿತು" ಎಂದರು. ನನ್ನನ್ನು ಕೇಳಲಿಲ್ಲ. ನಾನು ಹೇಳಲಿಲ್ಲ. ಎಂಟೊಂಬತ್ತು ದಿನಗಳ ನಂತರ ಪಕ್ಕದ ತೋಟ ಬೆಳ್ಳಗೆ ಅರಳಿ ಘಮಘಮಿಸುತ್ತಿದ್ದರೆ, ನಮ್ಮ ಇಳಿಜಾರಿನ ಗಿಡಗಳಲ್ಲಿ ಇಟ್ಟಿಗೆ ಬಣ್ಣದ ಮೊಗ್ಗುಗಳು ಹಾಗೆಯೇ ಅಂಟಿಕೊಂಡಿದ್ದವು.

"ನಿನಗೆ ಗೊತ್ತಿತ್ತಾ?" ಎಂದು ಮಾವ ಕೇಳಿದರು. ಗೊತ್ತಿತ್ತು ಎಂದೆ. ಆಮೇಲೆ ಒಂದು ವಾರ ಅವರು ನನ್ನೊಡನೆ ಮಾತನಾಡಲಿಲ್ಲ.

ನನ್ನ ತಪ್ಪು ಎಲ್ಲಿ ಆಯಿತೆಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನೀವೂ ಅಲ್ಲಿಗೇ ಹೊರಟಿದ್ದೀರಿ. ಆ ಪದ್ಧತಿಯ ಪ್ರಕಾರವೇ ಆಹ್ವಾನಕ್ಕೆ ಕಾಯಬೇಕಾದದ್ದು ಪ್ರೀತಿ, ಉದ್ಯೋಗ, ನಂಟು, ವಾಸದ ಊರು ಇಂಥ ದೊಡ್ಡ ಸಂಗತಿಗಳಿಗೆ. ಪ್ರತಿ ಮಾತಿಗೂ ಅಲ್ಲ. ತೋಟ ನೋಡಿಕೊಳ್ಳಲು ಬಾ ಎಂದು ಮಾವ ಕರೆದರಲ್ಲ, ನನ್ನ ಆಹ್ವಾನ ಅದೇ ಆಗಿತ್ತು. ಒಮ್ಮೆ ಕರೆದು ಮಳೆ ಅಳೆಯುವ ಕೆಲಸ ವಹಿಸಿದ ಮೇಲೆ, ಮಳೆ ಸಾಲದು ಎನ್ನಲು ಮತ್ತೊಂದು ಕರೆಯೋಲೆ ಬೇಕಿರಲಿಲ್ಲ. ನಾನು ಕಾಯುತ್ತಿದ್ದುದು ಆಹ್ವಾನಕ್ಕೂ ಅಲ್ಲ. ಮಾವ ತಪ್ಪು ಮಾಡಿ, ಆಮೇಲೆ ನನ್ನ ಬಳಿ ಬರಲಿ ಎಂಬುದು ಒಳಗಿನ ಆಸೆ. ಹಳೆಯ ಮುನಿಸಿಗೆ ಹೊಸ ಹೆಸರು ಸಿಕ್ಕಿತ್ತು, ಅಷ್ಟೆ.

ಆದ್ದರಿಂದ ಕೆಲಸ ಬಿಡಲೇ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 1987ರಲ್ಲಿ ಸ್ಪೇನಿನ ಇಬಿಜಾ ದ್ವೀಪದಲ್ಲಿ ಒಂದು ಧ್ವನಿ ತನಗೆ ಇದನ್ನೆಲ್ಲ ತಿಳಿಸಿತು ಎಂದು ರಾ ಉರು ಹು ಎಂಬ ಹೆಸರು ಇಟ್ಟುಕೊಂಡ ಕೆನಡಾದವರೊಬ್ಬರು ಹೇಳಿದ್ದೇ ಈ ಪದ್ಧತಿಯ ಮೂಲ. ಜ್ಯೋತಿಷ, ಚೀನಾದ ಹಳೆಯ ಶಕುನಗ್ರಂಥ ಐ ಚಿಂಗ್, ಯಹೂದಿಗಳ ಅನುಭಾವ ಪಂಥ ಕಬಾಲಾ, ನಮ್ಮ ಚಕ್ರಗಳು ಎಲ್ಲವೂ ಅದರಲ್ಲಿ ಬೆರೆತಿವೆ. ವೈಜ್ಞಾನಿಕ ಆಧಾರ ಇಲ್ಲ. ಸಾಲದ್ದಕ್ಕೆ ಲೆಕ್ಕವೆಲ್ಲ ನಿಂತಿರುವುದು ಹುಟ್ಟಿದ ಗಳಿಗೆಯ ಮೇಲೆ. ನಾನು ಹುಟ್ಟಿದ್ದು ಯಾವಾಗ ಎಂದರೆ ಅಮ್ಮ ಕೊಡುವ ಉತ್ತರ, "ಹಸು ಕರೆದಾದ ಮೇಲೆ" ಎಂಬುದು. ತನ್ನನ್ನು ತಾನು ನೋಡಿಕೊಳ್ಳುವ ಕನ್ನಡಿಯಾಗಿ ಅದನ್ನು ಇಟ್ಟುಕೊಳ್ಳಿ, ಬೇಡವೆನ್ನುವುದಿಲ್ಲ. ಅದನ್ನು ನಂಬಿ ರಾಜೀನಾಮೆ ಬರೆಯಬೇಡಿ. ನಿಮ್ಮನ್ನು ಕೆಲಸಕ್ಕೆ ಕರೆದಾಗ ಯಾವ ಹೊಣೆ ಕೊಟ್ಟರು ಎಂಬುದನ್ನು ಮೊದಲು ನೆನಪಿಸಿಕೊಳ್ಳಿ. ಅದರೊಳಗಿನ ಮಾತನ್ನು ನಾಳೆಯೇ ಆಡಿಬಿಡಿ, ಹೊರಗಿನದ್ದಕ್ಕೆ ಬೇಕಾದರೆ ಕಾಯಿರಿ.

ಈಗ ಮಳೆ ಬಂದ ಮರುದಿನ ಬೆಳಿಗ್ಗೆ ಆರಕ್ಕೆ ಮಾವನ ಫೋನ್ ಬರುತ್ತದೆ. ಎಷ್ಟು ಸೆಂಟ್ ಎಂದು ಅವರು ಕೇಳುವ ಮೊದಲೇ ನಾನು ಹೇಳಿರುತ್ತೇನೆ.